ಕೀಟಗ್ರಂಥಗಳಲ್ಲಿ ಸ್ಥಳನಿರ್ದೇಶ: ನೆಲೆಯೂ ದೊರೆತ ಎಡೆಯೂ

1888ರಲ್ಲಿ ಆರಂಭವಾದ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಎಂಬ ಗ್ರಂಥಮಾಲೆಯಲ್ಲಿ, ಸ್ಟ್ಯಾಫಿಲಿನಿಡೀ ಎಂಬ ಜೀರುಂಡೆಗಳ ಕುಟುಂಬವನ್ನು ಕುರಿತ ನಾಲ್ಕು ಸಂಪುಟಗಳು 1930ರಿಂದ 1939ರ ವರೆಗೆ ಹೊರಬಿದ್ದುವು. ಗ್ರಂಥಕರ್ತರಾದ ಮ್ಯಾಲ್ಕಮ್ ಕ್ಯಾಮರನ್ನರು ನೌಕಾದಳದ ವೈದ್ಯರಾಗಿದ್ದು, ಬಳಿಕ ಡೆಹ್ರಾಡೂನಿನ ಅರಣ್ಯ ಸಂಶೋಧನಾಲಯದಲ್ಲಿ ಕೀಟಗಳ ವರ್ಗೀಕರಣಕ್ಕೆ ತೊಡಗಿದವರು. ಈ ಕುಟುಂಬದ ಕೀಟಗಳ ಮೇಲ್ರೆಕ್ಕೆಗಳು ಬಲು ಮೋಟು. ಹೊಟ್ಟೆಯ ಬಹುಭಾಗವು ಮುಚ್ಚದೆಯೇ ಉಳಿದಿರುತ್ತದೆ. ಇಂದಿನ ಎಣಿಕೆಯಂತೆ ಲೋಕದಲ್ಲಿ ಇವುಗಳ ಪ್ರಭೇದಗಳು 60,000ಕ್ಕೂ ಮಿಗಿಲು. ಇಂತಹ ಸಮೂಹದಲ್ಲಿ ಒಂದನ್ನು ಮತ್ತೊಂದರಿಂದ ಬೇರ್ಪಡಿಸಿ ಲಕ್ಷಣವನ್ನು ಹೇಳುವುದು ಸಾಮಾನ್ಯವಾದ ಶ್ರಮವಲ್ಲ. ನಾವು ಇಲ್ಲಿ ವಿಮರ್ಶಿಸಬೇಕೆಂದಿರುವುದು ಆ ಲಕ್ಷಣಭಾಗವನ್ನಲ್ಲ; ಅದರ ಕೊನೆಯಲ್ಲಿ ಬರುವ ಸ್ಥಳನಿರ್ದೇಶದ ಪಂಕ್ತಿಯನ್ನು.

ಈ ಪಂಕ್ತಿಯ ಇತಿಹಾಸವು ಶಬ್ದಶಾಸ್ತ್ರದ ದೃಷ್ಟಿಯಿಂದಲೂ ಗಮನಾರ್ಹವಾದುದು. ಹದಿನೆಂಟನೆಯ ಶತಮಾನದಲ್ಲಿ ಲಿನ್ನೇಯಸನು ಪ್ರಾಣಿಗಳ ಲಕ್ಷಣದ ಕೆಳಗೆ ‘ಹ್ಯಾಬಿಟಾಟ್’ ಎಂಬ ಲ್ಯಾಟಿನ್ ಪದವನ್ನಿಟ್ಟು ದೇಶದ ಹೆಸರನ್ನು ಬರೆಯುತ್ತಿದ್ದನು. ಅದು ‘ವಾಸಿಸುತ್ತದೆ’ ಎಂಬರ್ಥದ ಕ್ರಿಯಾಪದ. ಮುಂದೆ ಇಂಗ್ಲಿಷಿನಲ್ಲಿ ‘ವಾಸಸ್ಥಾನ’ ಎಂಬರ್ಥದ ನಾಮಪದವಾಯಿತು. ಆದರೆ ದೂರದೇಶದ ಕೀಟಗಳ ವಿಷಯದಲ್ಲಿ ಪಂಡಿತನ ಮುಂದಿದ್ದುದು ಯಾರೋ ತಂದುಕೊಟ್ಟ ಒಣಗಿದ ದೇಹ ಮಾತ್ರ. ಅದು ಎಲ್ಲಿ ದೊರೆಯಿತೆಂಬುದನ್ನು ಅವನು ಕೇಳಿ ತಿಳಿದಿರಬಹುದು. ಎಲ್ಲಿ ವಾಸಿಸುತ್ತಿತ್ತೆಂಬುದನ್ನು ಕಂಡಿರಲಿಲ್ಲ. ಹೀಗೆ ‘ದೊರೆಯಿತು’ ಎಂದು ಹೇಳತಕ್ಕ ಎಡೆಯಲ್ಲಿ ‘ವಾಸಿಸುತ್ತದೆ’ ಎಂದು ಹೇಳುವ ವಾಡಿಕೆಯು ಬೇರೂರಿತು. ಅದೇ ಲಿನ್ನೇಯಸನು 1758ರಲ್ಲಿ ಈ ಕುಟುಂಬದ ಒಂದು ಕೀಟಕ್ಕೆ ‘ರಿಪೇರಿಯಸ್’, ಎಂದರೆ ‘ದಡದಲ್ಲಿರುವುದು’ ಎಂಬ ಹೆಸರನ್ನಿಟ್ಟನು. ಇಲ್ಲಿ ಹೆಸರೇ ನೆಲೆಯನ್ನು ತಿಳಿಸುತ್ತದೆ.

ಈ ಎರಡರ ಭೇದವು ಬರಿಯ ಮಾತಿನ ಭೇದವಲ್ಲವೆಂಬುದಕ್ಕೆ ರಿಪೇರಿಯಸ್ಸಿನ ಬಂಧುವಾದ ‘ಪೀಡೆರಸ್ ಫಸ್ಸಿಪೀಸ್’ ಎಂಬ ಕೀಟವೇ ನಿದರ್ಶನ. ಇವುಗಳ ಉಪಕುಟುಂಬವನ್ನು ಕ್ಯಾಮರನ್ನರು 1931ರ ಎರಡನೆಯ ಸಂಪುಟದಲ್ಲಿ ವರ್ಣಿಸಿದ್ದಾರೆ. ಇದರ ತಲೆ ಮತ್ತು ಬಾಲದ ತುದಿ ಕಪ್ಪು, ಎದೆ ಕೆಂಗಿತ್ತಳೆ, ಮೋಟು ರೆಕ್ಕೆ ಹೊಳೆಯುವ ನೀಲಿ. ರಾತ್ರಿ ದೀಪಕ್ಕೆ ಬಂದು ಮೈಮೇಲೆ ಕುಳಿತುದನ್ನು ಅರಿಯದೆ ಉಜ್ಜಿದರೆ ಅದರ ದೇಹದ್ರವವು ತಾಗಿ, ಒಂದೆರಡು ದಿನಗಳಲ್ಲಿ ಚರ್ಮವು ಸುಟ್ಟಂತಾಗಿ ಬೊಬ್ಬೆಗಳೇಳುತ್ತವೆ. ಪೀಡಿತನಿಗೆ ಅದು ದೊರೆತ ಎಡೆ ಮಲಗುವ ಕೋಣೆ. ಅದರ ನೆಲೆಯಾದರೋ ತೇವದ ನೆಲ, ವಿಶೇಷವಾಗಿ ಬತ್ತದ ಗದ್ದೆ; ಅಲ್ಲಿ ಅದು ಪೈರಿಗೆ ಹಗೆಯಾದ ಜಿಗಿಹುಳುಗಳನ್ನು ತಿಂದು ಬೇಸಾಯಗಾರನಿಗೆ ಉಪಕಾರವನ್ನೇ ಮಾಡುತ್ತದೆ. ಬೇಸಾಯದ ಕೆಲಸಗಳಿಂದ ಗದ್ದೆಯ ಸ್ಥಿತಿಯು ಬದಲಾದಾಗ ಅದು ಮನೆಗಳತ್ತ ಹಾರುವುದೆಂದು ಮಲೇಷ್ಯಾದ ಈಚಿನ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಸ್ಥಳಪಂಕ್ತಿಯಲ್ಲಿ ಊರಿನ ಹೆಸರಷ್ಟೇ ಇದ್ದರೆ ವೈದ್ಯನಿಗೂ ಬೇಸಾಯಗಾರನಿಗೂ ಇದರಿಂದ ತಿಳಿಯತಕ್ಕದ್ದು ಏನು? ಆ ವಿಷದಲ್ಲಿಯೂ ಇದೇ ಭೇದವುಂಟು: ಅದು ದೊರೆಯುವುದು ಕೀಟದಲ್ಲಿ, ಹುಟ್ಟುವುದು ಕೀಟದೊಳಗೆ ನೆಲೆಸಿರುವ ಬ್ಯಾಕ್ಟೀರಿಯದಲ್ಲಿ, ಇದು 2002ರಲ್ಲಿ ಸ್ಪಷ್ಟವಾಯಿತು.

ಕ್ಯಾಮರನ್ನರ ಪಂಕ್ತಿಗಳಲ್ಲಿ ಬಹುಮಟ್ಟಿಗೆ ಕಾಣುವುದು ಪ್ರಾಂತ, ಊರು, ಸಂಗ್ರಾಹಕನ ಹೆಸರು ಇಷ್ಟೇ. ಡೆಹ್ರಾಡೂನಿನ ಸುತ್ತಣ ತಪ್ಪಲಿನ ಊರುಗಳು ಮೇಲಿಂದ ಮೇಲೆ ಬರುತ್ತವೆ. ಆ ತಪ್ಪಲಿನಲ್ಲಿಯೇ ಕೀಟಗಳು ಹೆಚ್ಚೆಂದು ಇದರಿಂದ ಊಹಿಸುವುದು ಯುಕ್ತವಲ್ಲ. ಹುಡುಕುವವರು ಅಲ್ಲಿದ್ದರು ಎಂಬುದಷ್ಟೇ ಸಿದ್ಧವಾಗುತ್ತದೆ. ಹೆಸರಿಲ್ಲದ ಸೀಮೆಯಲ್ಲಿ ಕೀಟವಿಲ್ಲವೆಂದಲ್ಲ, ನೋಡಿದವರಿಲ್ಲ. ಇದನ್ನು ಗ್ರಂಥಕರ್ತರ ದೋಷವೆಂದು ಮಾತ್ರ ಹೇಳಲಾಗದು. ಸೂಜಿಗೆ ಚುಚ್ಚಿದ ಚೀಟಿಯಲ್ಲಿ ಇಲ್ಲದುದನ್ನು ಅವರು ಎಲ್ಲಿಂದ ತಂದಾರು?

ಶಾಸನಗಳನ್ನು ಬಲ್ಲ ನಮ್ಮ ವಾಚಕರಿಗೆ ಈ ತೊಡಕು ಹೊಸದಲ್ಲ. 1886ರಿಂದ ಪ್ರಕಟವಾದ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ರೈಸ್ ಅವರು ತಾಲ್ಲೂಕು ತಾಲ್ಲೂಕಾಗಿ ಸಂಖ್ಯೆಯನ್ನು ಕೊಟ್ಟು, ಕಲ್ಲು ಯಾವ ಗ್ರಾಮದಲ್ಲಿ, ಯಾವ ಗುಡಿಯ ಯಾವ ಮಗ್ಗುಲಲ್ಲಿದೆ ಎಂಬುದನ್ನು ತಿಳಿಸಿದರು. ಕೆರೆಯ ತೂಬಿಗೆ ಸೇರಿಸಿದ ಕಲ್ಲು ದತ್ತಿಯ ನೆಲದಲ್ಲಿ ನಟ್ಟ ಕಲ್ಲಾಗಿಯೇ ಇರಬೇಕೆಂಬ ನಿಯಮವಿಲ್ಲ. ದೊರೆತ ಎಡೆಯನ್ನು ನಿಷ್ಕೃಷ್ಟವಾಗಿ ಹೇಳಿದಲ್ಲಿ ಮೂಲದ ನೆಲೆಯನ್ನು ಮುಂದಿನವರು ಅರಸಬಹುದು. ಎರಡನ್ನೂ ಬೆರಸಿದಲ್ಲಿ ಎರಡೂ ಕೆಡುವುವು.

ಆದುದರಿಂದ ಕೀಟದ ಸ್ಥಳನಿರ್ದೇಶವು ಎರಡು ಪಂಕ್ತಿಗಳಲ್ಲಿರುವುದು ಮೇಲೆಂದು ನಮ್ಮ ಅಭಿಪ್ರಾಯ. ‘ದೊರೆತ ಎಡೆ’ಯಲ್ಲಿ ಗ್ರಾಮ, ಎತ್ತರ, ದಿನಾಂಕ, ಹಿಡಿದ ಬಗೆ ಇವಿರಲಿ, ದೀಪದ ಬಳಿ ಹಿಡಿದುದಾದರೆ ಹಾಗೆಂದೇ ಹೇಳಲಿ. ‘ನೆಲೆ’ಯಲ್ಲಿ ಗದ್ದೆಯ ಕೆಸರು, ಸಗಣಿ, ಅಣಬೆ, ಕೊಳೆತ ತೊಗಟೆ ಮುಂತಾಗಿ ಕೀಟವು ಬದುಕುವುದನ್ನು ಕಣ್ಣಾರೆ ಕಂಡ ತಾಣವನ್ನು ಮಾತ್ರ ಬರೆಯಲಿ. ಕಾಣದಿದ್ದರೆ ಆ ಪಂಕ್ತಿಯು ಬರಿದಾಗಿರಲಿ. ಬರಿದಾದ ಪಂಕ್ತಿಯು ಮುಂದೆ ಬರುವ ಸಂಶೋಧಕನನ್ನು ಗದ್ದೆಗೆ ಕಳುಹಿಸೀತು. ಊಹೆಯಿಂದ ತುಂಬಿದ ಪಂಕ್ತಿಯು ಅವನನ್ನು ಮನೆಯಲ್ಲಿಯೇ ಕೂರಿಸುತ್ತದೆ.