ಚರ್ಮ ಕಾಯುವಷ್ಟು ಹೊತ್ತು

ಕೆಲವು ವರ್ಷಗಳ ಹಿಂದೆ ನಮ್ಮ ದೊಡ್ಡಪ್ಪನ ಕೈಗೆ ಒಂದು ಆಮಂತ್ರಣ ಪತ್ರಿಕೆ ಬಂತು. ಅವನಿಗೆ ಓದು ಬರದು, ನಾನೇ ಓದಿ ಹೇಳಿದೆ. ಜಾನಪದ, ಶಾಸ್ತ್ರೀಯ ಮತ್ತು ಸಮಕಾಲೀನ ಸಂಗೀತದ ಅಂತರರಾಷ್ಟ್ರೀಯ ಉತ್ಸವ. ಶಾಸ್ತ್ರೀಯದ ಕೆಳಗೆ ಹಾಡುವವರು, ಪಿಟೀಲಿನವರು, ಮೃದಂಗದವರು, ಕೊನೆಗೆ ತಂಬೂರಿ ಮೀಟುವವರ ಹೆಸರೂ ಇತ್ತು. ಸಮಕಾಲೀನದ ಕೆಳಗೆ ಹೆಸರಿನ ಜೊತೆಗೆ ಫೋಟೋಗಳಿದ್ದವು. ಜಾನಪದದ ಕೆಳಗೆ ಒಂದೇ ಸಾಲು: ತಮಟೆ ವಾದ್ಯ, ಮೂಡಿಗೆರೆ ತಂಡ.

"ನನ್ನೆಸ್ರು ಎಲ್ಲೈತೆ ಮಗಾ?"

"ತಂಡ ಅಂತ ಐತಲ್ಲ ದೊಡ್ಡಪ್ಪ, ಅದ್ರೊಳಗೆ ನೀನೂ ಇದೀಯ."

"ಹಂಗಾರೆ ಮೇಸ್ತ್ರಿ ಪುಸ್ತಕನೇ ವಾಸಿ ಬಿಡು. ಅದ್ರಲ್ಲಿ ಹೆಸ್ರಾದ್ರೂ ಬರೀತಾನೆ" ಅಂದು ಬೀಡಿ ಹಚ್ಚಿದ.

ನಮ್ಮದು ಜಾವಳಿ ಕಡೆ, ಹೇಮಾವತಿ ಹುಟ್ಟುವ ಜಾಗ. ಉತ್ಸವ ಬಂದದ್ದು ಡಿಸೆಂಬರಿನಲ್ಲಿ, ಕಾಫಿ ಹಣ್ಣು ಕುಯ್ಯುವ ಕಾಲ. ಆಗ ಕುಯ್ದ ಹಣ್ಣಿನ ತೂಕದ ಮೇಲೆ ಕೂಲಿ. ಆರು ಜನ ಎರಡು ದಿನದ ಕೂಲಿ ಬಿಟ್ಟು ಹೊರಟರು. ಸರದಿ ಬಂದಾಗ ರಾತ್ರಿ ಒಂಬತ್ತು ದಾಟಿತ್ತು, ಇಬ್ಬನಿ ಇಳಿಯುತ್ತಿತ್ತು. ಥಂಡಿಗೆ ತಮಟೆಯ ಚರ್ಮ ಸಡಿಲವಾಗುತ್ತದೆ. ಒಣ ತರಗಿಗೆ ಬೆಂಕಿ ಹಾಕಿ, ಉರಿಗೆ ಹಿಡಿದು, ಬೆರಳಲ್ಲಿ ತಟ್ಟಿ, ಮತ್ತೆ ಹಿಡಿದು ಕಾಯಿಸಿದರೆ ನಾದ ಬರುತ್ತದೆ. ತಮಟೆಯ ಶ್ರುತಿ ಇರುವುದು ಬೆಂಕಿಯಲ್ಲಿ. ವೇದಿಕೆಯ ಹಿಂದೆ ದೊಡ್ಡಪ್ಪ ತರಗು ಗುಡ್ಡೆ ಹಾಕಿದ್ದೇ ತಡ ಒಬ್ಬರು ಓಡಿ ಬಂದರು. "ಇಲ್ಲಿ ಬೆಂಕಿ ಹಾಕಂಗಿಲ್ಲ, ಶಾಮಿಯಾನ ಇದೆ." ಅವರ ಮಾತು ನ್ಯಾಯವೇ. ಆದರೆ ಇನ್ನೊಂದು ಜಾಗ ತೋರಿಸಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಅದಕ್ಕೆ ಸ್ವಲ್ಪ ಮುಂಚೆ ಅದೇ ವೇದಿಕೆಯ ಮೇಲೆ ಮೃದಂಗದ ವಿದ್ವಾಂಸರು ಒಂದು ಕಲ್ಲು, ಒಂದು ಮರದ ತುಂಡು ಹಿಡಿದು ಕುಟ್ಟಿ ಕುಟ್ಟಿ ಶ್ರುತಿ ಮಾಡಿಕೊಂಡಿದ್ದರು. ಸಭೆ ತೆಪ್ಪಗೆ ಕಾದಿತ್ತು. ಹಾಗೆ ಕಾಯುವುದೇ ರಸಿಕತೆ ಅಂತ ಎಲ್ಲರಿಗೂ ಗೊತ್ತಿತ್ತು. ನಮ್ಮವರಿಗೆ ಕೊಟ್ಟದ್ದು ಏಳು ನಿಮಿಷ. ಒದ್ದೆ ಗೋಣಿಚೀಲ ಬಡಿದ ಹಾಗೆ ಸದ್ದು ಬಂತು. ಆದರೂ ಮುಂದಿನ ಸಾಲಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಈ ಚಪ್ಪಾಳೆ ನನಗೆ ಬೆಂಕಿ ಬೇಡ ಅಂದ ಮಾತಿಗಿಂತ ಹೆಚ್ಚು ಕಷ್ಟವಾಯಿತು. ಚೆನ್ನಾಗಿ ಬಾರಿಸಿದ್ದಕ್ಕೂ ಕೆಟ್ಟದಾಗಿ ಬಾರಿಸಿದ್ದಕ್ಕೂ ಒಂದೇ ಚಪ್ಪಾಳೆ ಅಂದರೆ ಕೇಳಿದವರು ಕೇಳಲಿಲ್ಲ ಅಂತ ತಾನೆ ಅರ್ಥ?

ಇದನ್ನು ಯಾರೋ ಒಬ್ಬ ಸಂಘಟಕರ ತಪ್ಪು ಅಂತ ತಿಳಿದರೆ ಸುಲಭ. ಆದರೆ ತಪ್ಪು ಆ ಮೂರು ಪದಗಳೊಳಗೇ ಕೂತಿದೆ. ಶಾಸ್ತ್ರೀಯ ಅಂದರೆ ಅದಕ್ಕೆ ಪರಂಪರೆ ಇದೆ, ಗುರು ಇದ್ದಾನೆ, ತಪ್ಪು-ಸರಿ ಇದೆ. ಸಮಕಾಲೀನ ಅಂದರೆ ಅದಕ್ಕೆ ಇವತ್ತು ಇದೆ, ವ್ಯಕ್ತಿ ಇದ್ದಾನೆ. ಜಾನಪದಕ್ಕೆ ಈ ಯಾವುದನ್ನೂ ಕೊಟ್ಟಿಲ್ಲ, 'ಸಹಜತೆ' ಎಂಬ ಒಂದು ಗುಣ ಮಾತ್ರ ಕೊಟ್ಟಿದ್ದಾರೆ. ಸಹಜವಾದದ್ದಕ್ಕೆ ಅಭ್ಯಾಸ ಬೇಡ, ಶ್ರುತಿ ಬೇಡ, ಹೆಸರು ಬೇಡ. ಮಾರ್ಗ-ದೇಸಿ ಎಂದು ನಮ್ಮ ವಿಮರ್ಶೆ ಬಹಳ ಮಾತಾಡಿದೆ, ದೇಸಿಯನ್ನು ಹೊಗಳಿಯೂ ಇದೆ. ಆದರೆ ಆ ದೇಸಿಯೊಳಗೆ ಜಗಲಿಯ ಮೇಲೆ ಕೂತವರು ಯಾರು, ಅಂಗಳದಾಚೆ ನಿಂತವರು ಯಾರು ಎಂಬ ಪ್ರಶ್ನೆಯನ್ನು ಅದು ಸಾಕಷ್ಟು ಕೇಳಲಿಲ್ಲ.

ಜಾವಳಿಯಲ್ಲಿ ಹುಟ್ಟಿದ ಹೇಮಾವತಿ ಕೊನೆಗೆ ಕಾವೇರಿಯನ್ನು ಸೇರುವುದು ಮೈಸೂರಿನ ಹತ್ತಿರ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ. ಆ ಮೈಸೂರಿನ ದಸರಾವನ್ನೇ ನೋಡಿ. ೧೬೧೦ರಲ್ಲಿ ಶ್ರೀರಂಗಪಟ್ಟಣದಲ್ಲಿ ಶುರುವಾದದ್ದು ಎಂದು ಹೇಳುವ ಈ ಹಬ್ಬ ಇವತ್ತು ನಾಡಹಬ್ಬ, ಲೋಕವೆಲ್ಲ ಬಂದು ನೋಡುವ ಹಬ್ಬ. ಅಲ್ಲಿ ಮೂರು ಸಂಗೀತಕ್ಕೂ ಜಾಗ ಇದೆ. ಅರಮನೆಯ ಮುಂದಿನ ವೇದಿಕೆಯಲ್ಲಿ ಶಾಸ್ತ್ರೀಯ ಕಚೇರಿ. ೨೦೨೪ರಲ್ಲಿ ಉತ್ತನಹಳ್ಳಿಯ ಬಯಲಿನಲ್ಲಿ ನಡೆದ ಯುವ ದಸರಾಕ್ಕೆ ಇಳಯರಾಜಾ, ಎ.ಆರ್. ರೆಹಮಾನ್ ಬಂದರು. ಜಾನಪದಕ್ಕೆ ಬೇರೆ ವೇದಿಕೆಗಳು ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಲೋಕದ ಕಣ್ಣಿಗೆ ಬೀಳುವ ಜಾನಪದ ಇರುವುದು ಜಂಬೂಸವಾರಿಯ ದಿನ, ರಸ್ತೆಯ ಮೇಲೆ. ೭೫೦ ಕಿಲೋ ಅಂಬಾರಿ ಹೊತ್ತ ಆನೆಯ ಸಾಲಿನ ಜೊತೆಗೆ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರು ಡೊಳ್ಳು, ತಮಟೆ, ಕಂಸಾಳೆ, ಪೂಜಾ ಕುಣಿತದವರು ನಡೆಯುತ್ತಾರೆ. ಒಂದು ಸಂಗೀತ ಕೂತಿದೆ, ಒಂದು ನಿಂತಿದೆ, ಒಂದು ನಡೆಯುತ್ತಿದೆ. ನಡೆಯುವ ಸಂಗೀತವನ್ನು ಯಾರೂ ಪೂರ್ತಿ ಕೇಳಲಾರರು, ಅದು ಎದುರಿಗೆ ಬಂದು ದಾಟಿ ಹೋಗುತ್ತದೆ. ನಮ್ಮ ಊರಿನ ಸುಗ್ಗಿಯಲ್ಲೂ ಹೀಗೇ, ದೇವರ ಮುಂದೆ ವಾದ್ಯ ಹೋಗಬೇಕು, ಗುಡಿಯ ಬಾಗಿಲಲ್ಲಿ ನಿಲ್ಲಬೇಕು.

ಇನ್ನು ಮೃದಂಗ. ಹಲಸಿನ ಮರದ ಕೊಳಗಕ್ಕೆ ಹಸು, ಆಡು, ಎಮ್ಮೆಯ ಚರ್ಮ ಬೇಕು. ಆ ಚರ್ಮ ಆರಿಸಿ, ಹದ ಮಾಡಿ, ನಾದ ಪರೀಕ್ಷಿಸುವ ಕೈಗಳ ಬಗ್ಗೆ ಗಾಯಕ ಟಿ.ಎಂ. ಕೃಷ್ಣ ೨೦೨೦ರಲ್ಲಿ 'ಸೆಬಾಸ್ಟಿಯನ್ ಅಂಡ್ ಸನ್ಸ್' ಎಂಬ ಪುಸ್ತಕ ಬರೆದರು. ಅವರಲ್ಲಿ ಬಹಳ ಜನ ದಲಿತ ಕ್ರೈಸ್ತರು. ಆ ಪುಸ್ತಕದ ಬಿಡುಗಡೆಗೆ ಮೊದಲು ಸಭಾಂಗಣ ಕೊಟ್ಟಿದ್ದ ಚೆನ್ನೈನ ಕಲಾಕ್ಷೇತ್ರ ಆಮೇಲೆ ಅನುಮತಿ ವಾಪಸು ಪಡೆಯಿತು. ಅಂದರೆ ಚರ್ಮ ವೇದಿಕೆ ಹತ್ತಬಹುದು, ಚರ್ಮದ ಮಾತು ಹತ್ತಬಾರದು. ಶಾಸ್ತ್ರೀಯಕ್ಕೂ ಜಾನಪದಕ್ಕೂ ನಡುವೆ ಚರ್ಮದಲ್ಲಿ ಭೇದ ಇಲ್ಲ. ಭೇದ ಇರುವುದು ಹದ ಮಾಡಿದ ಕೈಯನ್ನು ಮರೆಸುವುದರಲ್ಲಿ.

ಇಲ್ಲಿ ಚೋಮ ನೆನಪಾಗುತ್ತಾನೆ. ಶಿವರಾಮ ಕಾರಂತರ ಕಾದಂಬರಿಯಲ್ಲಿ ಚೋಮನ ಮಕ್ಕಳು ಸಾಲ ತೀರಿಸಲು ಬಂದದ್ದು ಘಟ್ಟದ ಕಾಫಿ ತೋಟಕ್ಕೆ, ಅಂದರೆ ನಮ್ಮಂಥ ತೋಟಗಳಿಗೆ. ೧೯೭೫ರಲ್ಲಿ ಬಿ.ವಿ. ಕಾರಂತರ ಸಿನಿಮಾಕ್ಕೆ ಸ್ವರ್ಣಕಮಲ ಬಂತು, ದುಡಿಯ ಸದ್ದು ದೇಶಕ್ಕೆಲ್ಲ ಕೇಳಿಸಿತು. ಆದರೆ ಚೋಮ ಕೇಳಿದ್ದು ಏನು? ಉಳುವುದಕ್ಕೆ ಒಂದು ತುಂಡು ಭೂಮಿ. ಅದು ಸಿಗದೆ ದುಡಿ ಬಾರಿಸುತ್ತಾ ಸತ್ತ. ದುಡಿಯನ್ನು ಕೇಳಿಸಿಕೊಂಡ ನಾಡು ಆ ಬೇಡಿಕೆಯನ್ನು ಕೇಳಿಸಿಕೊಳ್ಳಲಿಲ್ಲ. ನಮ್ಮ ಉತ್ಸವಗಳೆಲ್ಲ ಇದೇ ಕಿವಿಯ ಮುಂದುವರಿಕೆ.

ಹಾಗಾದರೆ ಬಾರಿಸುವುದನ್ನೇ ಬಿಡೋಣವೇ? ಬಿಟ್ಟವರು ಉಂಟು. ೧೯೭೦ರ ದಶಕದಿಂದ ದಲಿತ ಸಂಘರ್ಷ ಸಮಿತಿಯ ಗಾಳಿ ಬೀಸಿದ ಎಷ್ಟೋ ಹಳ್ಳಿಗಳಲ್ಲಿ ಹುಡುಗರು ಸಾವಿಗೆ, ಜಾತ್ರೆಗೆ ತಮಟೆ ಬಡಿಯುವುದಿಲ್ಲ ಎಂದರು, ಏಟೂ ತಿಂದರು. ಬಿಟ್ಟಿ ಚಾಕರಿಯನ್ನು ಕಲೆ ಅಂತ ಕರೆದ ಮಾತ್ರಕ್ಕೆ ಅದು ಬಿಟ್ಟಿ ಅಲ್ಲದೆ ಹೋಗುವುದಿಲ್ಲ. 'ನಿಮ್ಮ ಕಲೆ ನಶಿಸುತ್ತಿದೆ, ಉಳಿಸಿ' ಎಂದು ನಮಗೆ ಉಪದೇಶ ಮಾಡುವ ಉತ್ಸವಗಳು ಮೊದಲು ಈ 'ಒಲ್ಲೆ'ಯನ್ನು ಗೌರವಿಸಬೇಕು. ಆದರೆ ಅದೇ ಸಮಿತಿಯ ಮೆರವಣಿಗೆಗಳಲ್ಲಿ ಅದೇ ತಮಟೆ ಗುಡುಗಿತು. ೧೯೭೫ರಲ್ಲಿ ಬಂದ ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಓದುಗರ ಕೈಯಿಂದ ಹಾಡುವವರ ಗಂಟಲಿಗೆ ಹೋಯಿತು. ಅದು ಜಾನಪದವೋ ಸಮಕಾಲೀನವೋ? ಚೆನ್ನೈನಲ್ಲಿ ೨೦೧೮ರಿಂದ ಹಾಡುತ್ತಿರುವ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡದವರು ಪರೈಯನ್ನೂ ಗಾನಾವನ್ನೂ ಗಿಟಾರಿನ ಜೊತೆ ಕೂರಿಸಿದರು. ೨೦೨೦ರ ಡಿಸೆಂಬರಿನಲ್ಲಿ, ಸಭಾಗಳ ಮಾರ್ಗಳಿ ತಿಂಗಳಲ್ಲೇ, ಅಲ್ಲಿ 'ಮಾರ್ಗಳಿಯಲ್ ಮಕ್ಕಳಿಸೈ' ಶುರುವಾಯಿತು. ಆ ವೇದಿಕೆಯನ್ನು ಕಟ್ಟಿದವರು ನಮ್ಮಂಥವರೇ ಆದ್ದರಿಂದ ಅಲ್ಲಿ ಪರೈ ಅತಿಥಿಯಲ್ಲ, ಆತಿಥೇಯ.

ಚಿಕ್ಕಬಳ್ಳಾಪುರ ಕಡೆಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ೨೦೨೩ರಲ್ಲಿ ಪದ್ಮಶ್ರೀ ಬಂತು. ಸುದ್ದಿ ಹೇಳಿದಾಗ ದೊಡ್ಡಪ್ಪ ಮೊದಲು ಕೇಳಿದ್ದು "ಹೆಸ್ರು ಹಾಕಿದ್ರಾ?" ಅಂತ. ಹಾಕಿದ್ದಾರೆ ಅಂದೆ. ಒಂದು ಹೆಸರು ಬಂತು, ಸಂತೋಷ. ಉಳಿದ ತಂಡಗಳೊಳಗೆ ಇನ್ನೂ ಎಷ್ಟು ಹೆಸರುಗಳಿವೆ?

ನಾನು ಉತ್ಸವಗಳ ವಿರೋಧಿಯಲ್ಲ. ನನ್ನ ಬೇಡಿಕೆ ಸಣ್ಣದು. ಪತ್ರಿಕೆಯಲ್ಲಿ ಆರು ಜನರ ಆರು ಹೆಸರು ಅಚ್ಚು ಮಾಡಿ. ಬಿಟ್ಟು ಬಂದ ಕೂಲಿಗಿಂತ ಕಡಿಮೆ ಸಂಭಾವನೆ ಕೊಡಬೇಡಿ. ಬರುವುದಿಲ್ಲ ಅಂದರೆ ಸಿಟ್ಟಾಗಬೇಡಿ. ಬಂದರೆ, ಶಾಮಿಯಾನದಿಂದ ದೂರ ಒಂದು ಮೂಲೆಯಲ್ಲಿ ಒಂದು ಹಿಡಿ ಬೆಂಕಿಗೆ ಜಾಗ ಬಿಡಿ, ಮೃದಂಗಕ್ಕೆ ಕಾದಷ್ಟೇ ಹೊತ್ತು ತಮಟೆಗೂ ಕಾಯಿರಿ. ಆಮೇಲೆ ಕೇಳಿ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅಂತಲೂ ಹೇಳಿ, ನಮ್ಮವರಿಗೆ ಅದನ್ನು ತಾಳಿಕೊಳ್ಳುವ ಶಕ್ತಿ ಇದೆ. ದಲಿತ ವಿಮರ್ಶೆ ಶುರುವಾಗಬೇಕಾದ್ದು ಅಲ್ಲಿಂದ ಎಂದು ನನ್ನ ತಿಳುವಳಿಕೆ.

ಮುಂದಿನ ವರ್ಷ ಮತ್ತೆ ಕರೆ ಬಂತು. ದೊಡ್ಡಪ್ಪ ಪತ್ರಿಕೆ ಮಡಚಿ ತೊಲೆಗೆ ಸಿಕ್ಕಿಸಿದ. "ಬೆಂಕಿ ಕೊಡ್ತಾರಾ ಕೇಳು ಮಗಾ" ಅಂದ. ಕೇಳಿದ್ದೇನೆ. ಉತ್ತರ ಬಂದಿಲ್ಲ.