ಕಣ್ಣಿಗೆ ಒಂದೇ, ಕೈಗೆ ಬೇರೆ

ಮ್ಯಾಕ್‌ನಲ್ಲೂ ವಿಂಡೋಸ್‌ನಲ್ಲೂ ಒಂದೇ ಥರ ಇರುವ ಸಂಗೀತ ತಂತ್ರಾಂಶ ಯಾವುದು ಎಂದು ಯಾರನ್ನೇ ಕೇಳಿ, ಮೊದಲು ಬರುವ ಹೆಸರು ಏಬಲ್ಟನ್ ಲೈವ್. 2001ರಲ್ಲಿ ಬರ್ಲಿನ್‌ನಿಂದ ಹೊರಬಂದಾಗಿನಿಂದಲೂ ಈ ಹೊಗಳಿಕೆ ಅದಕ್ಕೆ ಅಂಟಿಕೊಂಡಿದೆ. ಇಡೀ ಕೆಲಸಕ್ಕೆ ಒಂದೇ ವಿಂಡೋ, ನೆರಳು ಮಿನುಗುಗಳಿಲ್ಲದ ಚಪ್ಪಟೆ ಬಟನ್‌ಗಳು, ಪಾಯಿಂಟರ್ ಯಾವುದರ ಮೇಲಿದೆ ಎಂದು ಎಡಗಡೆಯ ಕೆಳಮೂಲೆಯಲ್ಲಿ ವಿವರಿಸುವ ಪುಟ್ಟ ಪೆಟ್ಟಿಗೆ. ಎರಡು ಕಂಪ್ಯೂಟರಿನ ಸ್ಕ್ರೀನ್‌ಶಾಟ್‌ಗಳನ್ನು ಪಕ್ಕಪಕ್ಕ ಇಟ್ಟರೆ ಮೇಲ್ಪಟ್ಟಿಯ ಹೊರತು ಬೇರೆ ವ್ಯತ್ಯಾಸ ಹುಡುಕುವುದು ಕಷ್ಟ. ಲೈವ್ ದೊಡ್ಡ ತಂತ್ರಾಂಶ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಏಕರೂಪತೆಯ ವಿಷಯದಲ್ಲಿ ಅದಕ್ಕೆ ಸಲ್ಲುತ್ತಿರುವ ಹೊಗಳಿಕೆ ಅತಿಯಾಯಿತು. ಅದನ್ನೇ ಮಾದರಿಯೆಂದು ನಿಲ್ಲಿಸಿದ ವಿಮರ್ಶಕರು ಆ ಗುಣವನ್ನು ಬರೀ ಚಿತ್ರದ ಹೋಲಿಕೆಗೆ ಇಳಿಸಿಬಿಟ್ಟಿದ್ದಾರೆ.

ಆಪರೇಟಿಂಗ್ ಸಿಸ್ಟಮ್ ಕೊಡುವ ಬಟನ್ ಮೆನುಗಳನ್ನೇ ಬಳಸಬೇಕೋ, ಪ್ರತಿಯೊಂದನ್ನೂ ತಾವೇ ಬಿಡಿಸಿಕೊಳ್ಳಬೇಕೋ ಎಂಬ ಹಳೆಯ ಜಗಳವನ್ನು ಇಲ್ಲಿ ಮತ್ತೆ ಹೇಳಬೇಕಿಲ್ಲ. ಸಂಗೀತದವರು ಬಹುಪಾಲು ಎರಡನೆಯ ದಾರಿ ಹಿಡಿದರು, ಅದಕ್ಕೆ ಕಾರಣವೂ ಇತ್ತು: ನಾಬ್, ಫೇಡರ್, ಧ್ವನಿಯ ಅಲೆರೇಖೆ ಇವನ್ನು ಯಾವ ಸಿಸ್ಟಮ್ಮೂ ಸಿದ್ಧಮಾಡಿ ಕೊಡುವುದಿಲ್ಲ. 2000ದಲ್ಲಿ ಬಂದ ರೀಸನ್ ತಂತ್ರಾಂಶ, ಸ್ಟುಡಿಯೋದ ರ‍್ಯಾಕನ್ನೇ ಪರದೆಯ ಮೇಲೆ ಬಿಡಿಸಿ, ಟ್ಯಾಬ್ ಒತ್ತಿದರೆ ಹಿಂಬದಿಯ ಕೇಬಲ್‌ಗಳು ತೂಗಾಡುವಂತೆ ಮಾಡಿತು. ಟ್ರ್ಯಾಕ್ಷನ್ ಎಂಬ ತಂತ್ರಾಂಶಕ್ಕಾಗಿ ಜೂಲಿಯನ್ ಸ್ಟೋರರ್ ಬರೆದ ಕೋಡ್‌ನಿಂದ ಹುಟ್ಟಿದ ‘ಜೂಸ್’ ಎಂಬ ಕೋಡ್ ಲೈಬ್ರರಿ ಇಂದು ಇಂಥ ತಂತ್ರಾಂಶಗಳಿಗೆ ಜೋಡಿಸುವ ಅಸಂಖ್ಯ ಪ್ಲಗ್‌ಇನ್‌ಗಳ ಮುಖ ಬಿಡಿಸುತ್ತಿದೆ. ಎಲ್ಲರೂ ಎರಡು ದೋಣಿಯಲ್ಲಿ ಕಾಲಿಡಲೂ ಇಲ್ಲ. 2002ರಲ್ಲಿ ಆಪಲ್ ಇಮ್ಯಾಜಿಕ್ ಕಂಪನಿಯನ್ನು ಕೊಂಡಾಗ ಅದರ ಲಾಜಿಕ್ ತಂತ್ರಾಂಶದ ವಿಂಡೋಸ್ ಆವೃತ್ತಿ ಅಲ್ಲಿಗೇ ನಿಂತುಹೋಯಿತು. ಎಫ್ಎಲ್ ಸ್ಟುಡಿಯೋ ವಿಂಡೋಸ್‌ನಲ್ಲೇ ಬೆಳೆದು, 2018ರ ತನಕ ಮ್ಯಾಕ್‌ಗೆ ಪೂರ್ತಿಯಾಗಿ ಬರಲಿಲ್ಲ.

ಈಗ ಲೈವ್‌ನ ಒಂದೇ ಜಾಗವನ್ನು ಹತ್ತಿರದಿಂದ ನೋಡೋಣ. ಎಡಗೈ ಕೀಬೋರ್ಡಿನ ಕೆಳಸಾಲಿನ ಮೇಲಿದೆ, ಬಲಗೈ ಮೌಸ್ ಮೇಲಿದೆ, ಡ್ರಮ್ಮಿನ ಒಂದು ಕ್ಲಿಪ್ಪನ್ನು ಎಳೆಯುತ್ತಿದ್ದೇವೆ. ಎಡಿಟಿಂಗ್ ಮಾಡುವವರ ದಿನದ ದೊಡ್ಡ ಪಾಲು ಕಳೆಯುವುದು ಹೀಗೆಯೇ.

ಅಕ್ಷರ ಸೇರಿದ ಶಾರ್ಟ್‌ಕಟ್‌ಗಳಲ್ಲಿ ಲೆಕ್ಕ ಸರಳ: ವಿಂಡೋಸ್‌ನಲ್ಲಿ ಕಂಟ್ರೋಲ್ ಇದ್ದಲ್ಲಿ ಮ್ಯಾಕ್‌ನಲ್ಲಿ ಕಮಾಂಡ್. ಕ್ಲಿಪ್ ಕತ್ತರಿಸಲು ಅಲ್ಲಿ ಕಂಟ್ರೋಲ್–ಇ, ಇಲ್ಲಿ ಕಮಾಂಡ್–ಇ. ಇನ್ನೊಂದು ಪ್ರತಿ ಬೇಕಾದರೆ ಅಲ್ಲಿ ಕಂಟ್ರೋಲ್–ಡಿ, ಇಲ್ಲಿ ಕಮಾಂಡ್–ಡಿ. ಮೌಸ್ ಕೈಗೆ ಬಂದ ಕೂಡಲೇ ಈ ಲೆಕ್ಕ ತಪ್ಪುತ್ತದೆ. ಕ್ಲಿಪ್ಪನ್ನು ಎಳೆದು ನಕಲು ಮಾಡಲು ವಿಂಡೋಸ್‌ನಲ್ಲಿ ಕಂಟ್ರೋಲ್ ಹಿಡಿದಿರಬೇಕು, ಮ್ಯಾಕ್‌ನಲ್ಲಿ ಆಪ್ಷನ್. ಗ್ರಿಡ್‌ಗೆ ಅಂಟಿಸದೆ, ಹೊಡೆತವನ್ನು ತಾಳದಿಂದ ಕೂದಲೆಳೆಯಷ್ಟು ಹಿಂದಕ್ಕೆ ಸರಿಸಲು ವಿಂಡೋಸ್‌ನಲ್ಲಿ ಆಲ್ಟ್, ಮ್ಯಾಕ್‌ನಲ್ಲಿ ಕಮಾಂಡ್. ಅಕ್ಷರದ ಜೊತೆ ಕಂಟ್ರೋಲ್‌ಗೆ ಜೋಡಿಯಾಗಿದ್ದ ಕಮಾಂಡ್, ಮೌಸ್ ಜೊತೆ ಆಲ್ಟ್‌ಗೆ ಜೋಡಿಯಾಯಿತು. ಒಂದೇ ಬಣ್ಣ ಬಳಿದ ಎರಡು ಹಾರ್ಮೋನಿಯಂಗಳಲ್ಲಿ ಸ್ವರದ ಮನೆಗಳು ಅದಲುಬದಲಾದ ಹಾಗೆ. ಸ್ಟುಡಿಯೋದ ಮ್ಯಾಕ್‌ನಲ್ಲಿ ಪಳಗಿದವರು ಮನೆಯ ವಿಂಡೋಸ್ ಲ್ಯಾಪ್‌ಟಾಪಿನ ಮುಂದೆ ಕೂತು, ಕಮಾಂಡ್ ಎಂದರೆ ಇಲ್ಲಿ ಕಂಟ್ರೋಲ್ ತಾನೇ ಎಂದು ಅದನ್ನೇ ಒತ್ತಿ ಕಿಕ್ ಡ್ರಮ್ಮನ್ನು ಚೂರು ಸರಿಸಲು ಹೋದರೆ, ಕಿಕ್ ಸರಿಯುವ ಬದಲು ಅದಕ್ಕೊಂದು ನಕಲು ಹುಟ್ಟುತ್ತದೆ.

ಹೀಗೇಕೆ ಎಂದು ಹುಡುಕಿದರೆ ಕಾರಣ ಸಿಗುತ್ತದೆ. ಮ್ಯಾಕ್‌ನ ಫೈಂಡರ್‌ನಲ್ಲಿ ಫೈಲನ್ನು ಆಪ್ಷನ್ ಒತ್ತಿ ಎಳೆದರೆ ನಕಲಾಗುತ್ತದೆ, ವಿಂಡೋಸ್‌ನ ಎಕ್ಸ್‌ಪ್ಲೋರರ್‌ನಲ್ಲಿ ಕಂಟ್ರೋಲ್ ಒತ್ತಿ ಎಳೆದರೆ. ಲೈವ್ ಇಲ್ಲಿ ಎರಡೂ ಸಿಸ್ಟಮ್‌ಗಳ ವಾಡಿಕೆಗೆ ಮರ್ಯಾದೆ ಕೊಟ್ಟಿದೆ. ನಕಲಿಗೆ ಆ ಕೀಗಳು ಹೋದ ಮೇಲೆ, ಗ್ರಿಡ್ ತಪ್ಪಿಸಲು ಒಂದು ಕಡೆ ಆಲ್ಟ್ ಉಳಿಯಿತು, ಇನ್ನೊಂದು ಕಡೆ ಕಮಾಂಡ್. ಸರಿ, ಸಿಸ್ಟಮ್ಮಿನ ವಾಡಿಕೆಯನ್ನು ಪಾಲಿಸುವುದೇ ಇವರ ನೀತಿ ಎಂದುಕೊಳ್ಳೋಣ. ಹಾಗಾದರೆ ಕಮಾಂಡ್–ಎಂ? ಮ್ಯಾಕ್‌ನ ಯಾವುದೇ ಸಾಮಾನ್ಯ ತಂತ್ರಾಂಶದಲ್ಲಿ ಅದು ವಿಂಡೋವನ್ನು ಡಾಕ್‌ಗೆ ಇಳಿಸುತ್ತದೆ. ಲೈವ್‌ನಲ್ಲಿ ಅದು ಮಿಡಿ ಮ್ಯಾಪಿಂಗ್ ತೆರೆಯುತ್ತದೆ, ಏಕೆಂದರೆ ವಿಂಡೋಸ್‌ನಲ್ಲಿ ಕಂಟ್ರೋಲ್–ಎಂ ಮಾಡುವುದು ಅದನ್ನೇ. ಇಲ್ಲಿ ಮ್ಯಾಕ್‌ನ ವಾಡಿಕೆಯನ್ನು ಪಕ್ಕಕ್ಕೆ ತಳ್ಳಿ ಲೈವ್ ತನ್ನ ಒಳಗಿನ ಏಕರೂಪವನ್ನು ಆರಿಸಿಕೊಂಡಿತು, ಮೌಸ್ ಹಿಡಿದಾಗ ಸಿಸ್ಟಮ್ಮನ್ನು ಆರಿಸಿಕೊಂಡು ತನ್ನ ಏಕರೂಪವನ್ನು ಬಿಟ್ಟುಕೊಟ್ಟಿತು. ಎರಡೂ ಸಮರ್ಥಿಸಬಹುದಾದ ತೀರ್ಮಾನಗಳೇ. ಒಂದೇ ತಂತ್ರಾಂಶದಲ್ಲಿ ಎರಡೂ ಇದ್ದು, ಯಾವುದು ಎಲ್ಲಿ ಎಂಬುದಕ್ಕೆ ಬಳಸುವವರ ಕೈಗೆ ಸೂತ್ರ ಸಿಗದಿರುವುದೇ ನನ್ನ ತಕರಾರು.

ಇದಕ್ಕೆ ವಿಮರ್ಶಕರು ಕೊಡುವ ಉತ್ತರ ನನಗೆ ಗೊತ್ತಿದೆ: ಯಾರೂ ದಿನಾ ಎರಡು ಸಿಸ್ಟಮ್ ಬಳಸುವುದಿಲ್ಲ, ಒಂದನ್ನು ಕಲಿತರೆ ಸಾಕು. ಹಾಗಾದರೆ ಎರಡರಲ್ಲೂ ಒಂದೇ ಥರ ಇದೆ ಎಂದು ಹೊಗಳಿದ್ದು ಯಾರಿಗಾಗಿ? ಒಂದೇ ಸಿಸ್ಟಮ್ಮಿಗೆ ಅಂಟಿಕೊಂಡವರಿಗೆ ಇನ್ನೊಂದರಲ್ಲಿ ಬಟನ್ ಯಾವ ಬಣ್ಣದ್ದಾದರೇನು? ಏಕರೂಪತೆಯಿಂದ ಲಾಭ ಪಡೆಯುವವರು ಅಲ್ಲಿಂದಿಲ್ಲಿಗೆ ಓಡಾಡುವವರು ಮಾತ್ರ, ಅವರು ಎಡವುವುದೂ ಕೀಬೋರ್ಡಿನ ಕೆಳಸಾಲಿನಲ್ಲೇ. ಈ ಬಗೆಯ ವಿಮರ್ಶೆಯ ದೋಷ ಅದರ ವಿಧಾನದಲ್ಲಿದೆ. ಸ್ಕ್ರೀನ್‌ಶಾಟ್ ನೋಡಿ ಬರೆದವರಿಗೆ ಸ್ಕ್ರೀನ್‌ಶಾಟ್‌ನಲ್ಲಿ ಇರುವುದಷ್ಟೇ ಸಿಗುತ್ತದೆ. ಮ್ಯಾಕ್‌ನಲ್ಲಿ ಎಯು ಎಂಬ ಮಾದರಿಯ ಪ್ಲಗ್‌ಇನ್ ಹಾಕಿ ಉಳಿಸಿದ ಹಾಡನ್ನು ವಿಂಡೋಸ್‌ನಲ್ಲಿ ತೆರೆದರೆ ಆ ಜಾಗ ಮೂಕವಾಗಿರುತ್ತದೆ, ಎಯು ಇರುವುದು ಆಪಲ್‌ನಲ್ಲಿ ಮಾತ್ರ. ಆಡಿಯೋ ಸೆಟ್ಟಿಂಗ್ ಪುಟದಲ್ಲಿ ಒಂದು ಕಡೆ ಕೋರ್ ಆಡಿಯೋ, ಇನ್ನೊಂದು ಕಡೆ ಸ್ಟೈನ್‌ಬರ್ಗ್‌ನ ಅಸಿಯೋ ಡ್ರೈವರ್, ಎರಡರ ನಡತೆಯೂ ಬೇರೆ. ಇದು ಲೈವ್‌ನ ತಪ್ಪಲ್ಲ. ಆದರೆ ಸಾಮ್ಯವನ್ನು ಅಳೆಯಲು ಹೊರಟವರು ಇದನ್ನು ನೋಡದೆ ಲೈವ್‌ನ ಬೂದುಬಣ್ಣದ ಮೇಲೆ ಪ್ಯಾರಾಗಟ್ಟಲೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ.

ಇದೇ ವಿಮರ್ಶಕರು ರೀಪರ್ ಎಂಬ ಸಂಗೀತ ತಂತ್ರಾಂಶದ ಕುರಿತು ಬರೆಯುವಾಗ ‘ಕುರೂಪಿ’ ಎಂಬ ಒಂದೇ ಮಾತಿಗೆ ನಿಲ್ಲುತ್ತಾರೆ. ವಿನ್ಆಂಪ್ ಬರೆದ ಜಸ್ಟಿನ್ ಫ್ರಾಂಕೆಲ್ ರೀಪರ್‌ಗೆ ಹಿಡಿದ ದಾರಿ ವಿಚಿತ್ರವಾದದ್ದು: ತಂತ್ರಾಂಶವನ್ನು ವಿಂಡೋಸ್‌ಗೆ ಎಂದೇ ಬರೆದು, ಅದರ ಕರೆಗಳನ್ನು ಮ್ಯಾಕ್ ಮತ್ತು ಲಿನಕ್ಸ್‌ಗೆ ಅರ್ಥವಾಗುವಂತೆ ಬದಲಿಸುವ ‘ಸ್ವೆಲ್’ ಎಂಬ ತೆಳುಪದರವನ್ನು ನಡುವೆ ಇಡುವುದು. ಫಲವಾಗಿ ಅದರ ಡೈಲಾಗ್ ಪೆಟ್ಟಿಗೆಗಳು ಸರ್ಕಾರಿ ಅರ್ಜಿ ನಮೂನೆಯಂತೆ ಒಣಒಣವಾಗಿವೆ, ನಿಜ. ಆದರೆ ಕ್ಲಿಪ್ ಎಳೆದು ನಕಲು ಮಾಡಲು ವಿಂಡೋಸ್‌ನಲ್ಲಿ ಕಂಟ್ರೋಲ್, ಮ್ಯಾಕ್‌ನಲ್ಲಿ ಕಮಾಂಡ್. ಗ್ರಿಡ್ ತಪ್ಪಿಸಲು ಎರಡರಲ್ಲೂ ಶಿಫ್ಟ್. ಫೈಂಡರ್‌ನ ವಾಡಿಕೆಗೆ ಇದು ವಿರುದ್ಧ ಎಂದು ಮ್ಯಾಕ್ ಅಭಿಮಾನಿಗಳು ಗೊಣಗಬಹುದು, ಆದರೆ ಮೌಸ್ ಹಿಡಿದರೂ ಬಿಟ್ಟರೂ ನಿಯಮ ಬದಲಾಗುವುದಿಲ್ಲ. ಬೇಡವೆಂದರೆ ಪ್ರತಿಯೊಂದು ಎಳೆತಕ್ಕೂ ಯಾವ ಕೀ ಏನು ಮಾಡಬೇಕೆಂದು ಮೌಸ್ ಮಾಡಿಫೈಯರ್ ಪುಟದಲ್ಲಿ ನಾವೇ ತೀರ್ಮಾನಿಸಬಹುದು.

ಪಾಲ್ ಡೇವಿಸ್ ಶುರುಮಾಡಿದ ಆರ್ಡರ್ ಎಂಬ ತಂತ್ರಾಂಶ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಯೋಚಿಸಿದೆ. ಅದರ ಕೀ ಬೈಂಡಿಂಗ್ ಫೈಲ್‌ನಲ್ಲಿ ಕಂಟ್ರೋಲ್, ಕಮಾಂಡ್ ಎಂಬ ಹೆಸರೇ ಇಲ್ಲ. ‘ಪ್ರೈಮರಿ’, ‘ಸೆಕೆಂಡರಿ’, ‘ಟರ್ಷಿಯರಿ’, ‘ಲೆವೆಲ್4’ ಎಂಬ ನಾಲ್ಕು ಪಾತ್ರಗಳಿವೆ. ಲಿನಕ್ಸ್‌ನಲ್ಲಿ ಪ್ರೈಮರಿ ಎಂದರೆ ಕಂಟ್ರೋಲ್, ಮ್ಯಾಕ್‌ನಲ್ಲಿ ಕಮಾಂಡ್. ಮೊದಲು ಪಾತ್ರ, ಆಮೇಲೆ ಕೀ. ಏಕರೂಪತೆ ಇಲ್ಲಿ ಕೋಡ್‌ನೊಳಗೇ ಬರೆದಿಟ್ಟ ನಿಯಮವಾಗಿದೆ. ಈ ಕೆಲಸದ ಬಗ್ಗೆ ಯಾವ ವಿಮರ್ಶೆಯಲ್ಲೂ ಎರಡು ಸಾಲಿಗಿಂತ ಹೆಚ್ಚು ಓದಿದ ನೆನಪು ನನಗಿಲ್ಲ. ನಿಯಮವಿದ್ದರೆ ಸಾಲದು, ಕೀಬೋರ್ಡೂ ಸಹಕರಿಸಬೇಕು ಎಂಬುದಕ್ಕೆ ಪ್ರೋ ಟೂಲ್ಸ್ ಸಾಕ್ಷಿ. ಅದಕ್ಕೆ ಕಂಟ್ರೋಲ್, ಆಲ್ಟ್‌ನಂಥ ನಾಲ್ಕು ಮಾಡಿಫೈಯರ್ ಕೀಗಳು ಬೇಕು. ಮ್ಯಾಕ್‌ನ ಕಂಟ್ರೋಲ್ ಕೀಗೆ ಸಾಟಿಯಾಗಿ ವಿಂಡೋಸ್‌ನಲ್ಲಿ ಸ್ಟಾರ್ಟ್ ಕೀಯನ್ನೇ ಬಳಸಬೇಕಾಯಿತು, ಅದೋ ಸಿಸ್ಟಮ್ ತನಗೆಂದು ಇಟ್ಟುಕೊಂಡ ಕೀ. ಮೂರೇ ಮಾಡಿಫೈಯರ್‌ಗಳಲ್ಲಿ ಸಂಸಾರ ತೂಗಿಸಿದ ಲೈವ್‌ಗೆ ಈ ಒಂದು ಕಾರಣಕ್ಕೆ ಪೂರ್ಣ ಅಂಕ ಕೊಡುತ್ತೇನೆ.

ಆದರೆ ಲೈವ್‌ನ ಚಿತ್ರಸಾಮ್ಯಕ್ಕೆ ತೆತ್ತ ಬೆಲೆ ಶಾರ್ಟ್‌ಕಟ್‌ಗಿಂತ ದೊಡ್ಡದು. ಸಿಸ್ಟಮ್ಮಿನ ಬಟನ್ ಬಳಸಿದರೆ ‘ಇದು ಬಟನ್, ಇದರ ಹೆಸರು ಇದು, ಇದು ಆನ್ ಆಗಿದೆ’ ಎಂಬ ಮಾಹಿತಿ, ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ತಾನಾಗಿ ತಲುಪುತ್ತದೆ. ತಾವೇ ಬಿಡಿಸಿದ ಬಟನ್ ಸಿಸ್ಟಮ್ಮಿನ ಪಾಲಿಗೆ ಬರೀ ಬಣ್ಣದ ಚುಕ್ಕೆಗಳು, ಅದರ ಹೆಸರು ಸ್ಥಿತಿಗಳನ್ನು ಬೇರೆಯಾಗಿ ಬರೆದು ಒಪ್ಪಿಸಬೇಕು. ಕಣ್ಣು ಕಾಣದ ಸಂಗೀತಗಾರರಿಗೆ ಲೈವ್‌ನ ವಿಂಡೋ, ಮೆನು ಬಿಟ್ಟರೆ, 2024ರ ಮಾರ್ಚ್‌ನಲ್ಲಿ 12ನೇ ಆವೃತ್ತಿ ಬರುವ ತನಕ ಹೆಚ್ಚುಕಡಿಮೆ ಖಾಲಿ ಗೋಡೆಯಾಗಿತ್ತು. ಅದು ಎರಡೂ ಸಿಸ್ಟಮ್‌ಗಳಲ್ಲಿ ಒಂದೇ ಥರ ಖಾಲಿಯಾಗಿತ್ತು ಎಂಬುದನ್ನು ಏಕರೂಪತೆಯ ಯಾವ ಪ್ರಶಂಸಕರೂ ಬರೆಯಲಿಲ್ಲ. ಆ ಅವಧಿಯಲ್ಲಿ ಕಣ್ಣು ಕಾಣದ ಸಂಗೀತಗಾರರಲ್ಲಿ ಅನೇಕರು ರೀಪರ್‌ಗೆ ಹೋದರು. ಎನ್‌ವಿಡಿಎ ಸ್ಕ್ರೀನ್ ರೀಡರ್ ಕಟ್ಟಿದವರಲ್ಲಿ ಒಬ್ಬರಾದ, ಸ್ವತಃ ದೃಷ್ಟಿಯಿಲ್ಲದ ಜೇಮ್ಸ್ ಟೆ ಅದಕ್ಕೆ ‘ಒಸಾರಾ’ ಎಂಬ ಜೋಡಣೆ ಬರೆದರು. ಆ ಒಣ ಡೈಲಾಗ್ ಪೆಟ್ಟಿಗೆಗಳು ಸ್ಕ್ರೀನ್ ರೀಡರ್‌ನಿಂದ ಓದಿಸಿಕೊಳ್ಳುವ ಪೆಟ್ಟಿಗೆಗಳಾಗಿದ್ದವು.

ಕನ್ನಡದಲ್ಲಿ ಟ್ರ್ಯಾಕ್‌ಗೆ ಹೆಸರಿಡುವವರಿಗೂ ಎಲ್ಲವನ್ನೂ ತಾವೇ ಬಿಡಿಸುವ ಈ ದಾರಿಯ ಇನ್ನೊಂದು ಮುಖ ಗೊತ್ತು. ಅಕ್ಷರವನ್ನೂ ತಾನೇ ಬಿಡಿಸುತ್ತೇನೆಂದ ತಂತ್ರಾಂಶ ಒತ್ತಕ್ಷರ ಕೂಡಿಸುವುದನ್ನೂ ತಾನೇ ಕಲಿಯಬೇಕು, ಕಲಿಯದಿದ್ದರೆ ‘ಪಲ್ಲವಿ’ಯ ಲಕಾರಗಳು ಬಿಡಿಬಿಡಿಯಾಗಿ, ನಡುವೆ ಹಲಂತದ ಗುರುತಿಟ್ಟುಕೊಂಡು ನಿಲ್ಲುತ್ತವೆ. ಜೂಸ್ ತನ್ನ 8ನೇ ಆವೃತ್ತಿಯಲ್ಲಿ, 2024ರಲ್ಲಿ, ಹಾರ್ಫ್‌ಬಝ್ ಎಂಬ ಅಕ್ಷರಜೋಡಣೆಯ ಲೈಬ್ರರಿಯನ್ನು ಒಳಗೆ ತಂದುಕೊಂಡಿತು. ಅದರ ಮೇಲೆ ಕಟ್ಟಿದ ಹಳೆಯ ಪ್ಲಗ್‌ಇನ್‌ಗಳಿಗೆ ಈ ಅನುಕೂಲ ಸಿಗಬೇಕಾದರೆ ಅವನ್ನು ಬರೆದವರು ಮತ್ತೆ ಕೂತು ಕಟ್ಟಿಕೊಡಬೇಕು.

ಸ್ಕ್ರೀನ್ ರೀಡರ್ ವಿಷಯಕ್ಕೆ ಮರಳಿದರೆ, ಲೈವ್ 12 ಮಾಡಿದ್ದು ಸಣ್ಣ ಕೆಲಸವಲ್ಲ, ತಾನು ಬಿಡಿಸಿದ ಇಷ್ಟೊಂದು ನಾಬ್ ಸ್ಲೈಡರ್‌ಗಳಿಗೆ ತಡವಾಗಿಯಾದರೂ ಹೆಸರು ಹೇಳುವುದನ್ನು ಅದು ಕಲಿಸಿತು. ಬೇರೆಯವರ ಪ್ಲಗ್‌ಇನ್ ವಿಂಡೋಗಳು ಇನ್ನೂ ಬಹುಪಾಲು ಮೂಕ. ಅದಕ್ಕೆ ಉಪಾಯ 1996ರಲ್ಲಿ ವಿಎಸ್‌ಟಿ ಎಂಬ ಪ್ಲಗ್‌ಇನ್ ಮಾದರಿ ಬಂದಾಗಿನಿಂದಲೂ ಇದೆ: ಪ್ಲಗ್‌ಇನ್ ತೆರೆದಿಡುವ ಪ್ರತಿಯೊಂದು ನಿಯಂತ್ರಣವೂ ಹೆಸರಿನೊಡನೆ, 0ಯಿಂದ 1ರ ನಡುವಿನ ಒಂದು ಸಂಖ್ಯೆಯಾಗಿ ಮುಖ್ಯ ತಂತ್ರಾಂಶದ ಕೈಗೆ ಬರುತ್ತದೆ. ರೀಪರ್‌ನಲ್ಲಿ ಪ್ಲಗ್‌ಇನ್ ವಿಂಡೋದ ‘ಯುಐ’ ಬಟನ್ ಒತ್ತಿದರೆ ಅಲಂಕಾರವೆಲ್ಲ ಸರಿದು, ಆ ಸಂಖ್ಯೆಗಳು ಸಾಲು ಸ್ಲೈಡರ್‌ಗಳಾಗಿ, ಮೂರೂ ಸಿಸ್ಟಮ್‌ಗಳಲ್ಲಿ ಅದೇ ಕ್ರಮದಲ್ಲಿ ನಿಲ್ಲುತ್ತವೆ.