ಬಿಸಿಲಲ್ಲಿ ಪಾಸಾದ ಬಾಗಿಲು

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಡೆಂಟಿಂಗ್-ಪೇಂಟಿಂಗ್ ಗ್ಯಾರೇಜುಗಳನ್ನು ಯಾರೂ ಶಾಲೆ ಎಂದು ಕರೆಯುವುದಿಲ್ಲ. ಆದರೆ ಪೆಟ್ಟು ತಿಂದ ಗಾಡಿಯ ಮೈ ಸರಿಮಾಡುವುದನ್ನು ಈ ಭಾಗದ ಹುಡುಗರು ಕಲಿಯುವುದು ಬಹುತೇಕ ಅಲ್ಲೇ, ತಗಡಿನ ಶೆಡ್ಡಿನಲ್ಲಿ, ಒಬ್ಬ ಮಿಸ್ತ್ರಿಯ ಕೈಕೆಳಗೆ. ಹಾಗಾಗಿ ಶಾಲೆಯನ್ನು ಅಳೆಯುವ ಹಾಗೆಯೇ ಇವನ್ನೂ ಅಳೆಯಬೇಕು. ಏನು ಕಲಿಸುತ್ತವೆ, ಏನು ಬಿಡುತ್ತವೆ, ಪಾಸು-ಫೇಲು ಹೇಳುವವರು ಯಾರು? ನಾನು ಕೊನೆಯ ಪ್ರಶ್ನೆಯಿಂದ ಶುರುಮಾಡುತ್ತೇನೆ, ಉಳಿದೆರಡನ್ನೂ ತೀರ್ಮಾನಿಸುವುದು ಅದೇ.

ಇಲ್ಲಿ ಪರೀಕ್ಷೆ ನಡೆಯುವುದು ಗಾಡಿ ಬಿಡಿಸಿಕೊಳ್ಳುವ ದಿನ. ಮಾಲಕ ಬರುತ್ತಾನೆ, ಗಾಡಿಯನ್ನು ಬಿಸಿಲಿಗೆ ತರಿಸುತ್ತಾನೆ, ಒಂದು ಸುತ್ತು ಹಾಕಿ ಬಗ್ಗಿ ನೋಡುತ್ತಾನೆ, ಬಾಗಿಲನ್ನು ಒಮ್ಮೆ ತೆಗೆದು ಹಾಕುತ್ತಾನೆ, ಹೇಳಿದ ರೊಕ್ಕದಲ್ಲಿ ಒಂದಿಷ್ಟು ಮುರಿದುಕೊಂಡು ಹೋಗುತ್ತಾನೆ. ಇಷ್ಟೇ. ಇದರ ಫಲವಾಗಿ ಕಣ್ಣಿಗೆ ಬೀಳುವುದನ್ನೆಲ್ಲ ಈ ಗ್ಯಾರೇಜುಗಳು ಬಹಳ ಚೆನ್ನಾಗಿ ಕಲಿಸುತ್ತವೆ, ಕಣ್ಣಿಗೆ ಬೀಳದ್ದನ್ನು ಬಹುಮಟ್ಟಿಗೆ ಕಲಿಸುವುದೇ ಇಲ್ಲ.

ಮೊದಲು ಹೊಗಳಿಕೆ, ಅದಕ್ಕೆ ಅವರು ಅರ್ಹರು. ಕೆಲಸಕ್ಕಂತೂ ಇಲ್ಲಿ ಬರವಿಲ್ಲ. ರಾಷ್ಟ್ರೀಯ ಹೆದ್ದಾರಿ 48 ಹಾವೇರಿ, ರಾಣೇಬೆನ್ನೂರುಗಳನ್ನು ಸವರಿಕೊಂಡೇ ಹೋಗುತ್ತದೆ, ಬ್ಯಾಡಗಿಗೆ ಮೋಟೆಬೆನ್ನೂರಿನ ಹತ್ತಿರ ತಿರುವು. ಸುಗ್ಗಿಯಲ್ಲಿ ಸರ್ವಿಸ್ ರಸ್ತೆಯ ಮೇಲೆ ಗೋವಿನಜೋಳ ಒಣಹಾಕಿರುತ್ತಾರೆ, ಅರ್ಧ ರಸ್ತೆಯಷ್ಟೇ ಓಡಾಟಕ್ಕೆ ಉಳಿಯುತ್ತದೆ. ಜನವರಿ ಕಳೆಯಿತೆಂದರೆ ಸೋಮವಾರ, ಗುರುವಾರದ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೊತ್ತ ಗಾಡಿಗಳು ಬ್ಯಾಡಗಿಯೊಳಗೆ ಸಾಲುಗಟ್ಟುತ್ತವೆ. ಆ ಇಕ್ಕಟ್ಟಿನಲ್ಲಿ ಟ್ರ್ಯಾಕ್ಟರ್ ಟ್ರೇಲರಿನ ಮೂಲೆ ಕಾರಿನ ಬಾಗಿಲಿಗೆ ತಾಗಿದರೆ ತಗಡು ಸೀಳಿಕೊಂಡೇ ಹೋಗುತ್ತದೆ. ತರಗತಿಯಲ್ಲಿ ಕೂತು ಕಲಿಯುವವನ ಕೈಗೆ ಇಷ್ಟು ಬಗೆಯ ಪೆಟ್ಟು ಎಂದೂ ಸಿಗುವುದಿಲ್ಲ.

ಕಲಿಕೆಯ ಮೊದಲ ಹಂತ ಕಸ ಗುಡಿಸುವುದು, ನೀರು ತರುವುದು, ಆಮೇಲೆ ವಾಟರ್ ಪೇಪರ್ ಹಿಡಿಯುವುದು. ಪುಟ್ಟಿಯ ಮೇಲೆ ಮೊದಲು 80ರ ಒರಟು ಪೇಪರ್, ನಂತರ 220, ಪ್ರೈಮರ್ ಮೇಲೆ 400, 800. ತಿಂಗಳುಗಟ್ಟಲೆ ಇದೇ. ಹೊರಗಿನವರಿಗೆ ಇದು ಹುಡುಗನನ್ನು ದುಡಿಸಿಕೊಳ್ಳುವ ಉಪಾಯದಂತೆ ಕಾಣುತ್ತದೆ, ಅರ್ಧ ನಿಜವೂ ಹೌದು. (14 ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದನ್ನು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ನಿಷೇಧಿಸಿದೆ, ಶೆಡ್ಡಿನ ಮೂಲೆಯಲ್ಲಿ ಕೂತ ಎಲ್ಲ ಮುಖಗಳಿಗೂ ಅಷ್ಟು ವಯಸ್ಸಾಗಿದೆ ಎಂದು ನಾನು ಆಣೆ ಮಾಡಲಾರೆ.) ಇನ್ನರ್ಧ ನಿಜವೆಂದರೆ, ಅಷ್ಟು ದಿನ ಉಜ್ಜಿದ ಮೇಲೆ ಅಂಗೈಗೆ ಬುದ್ಧಿ ಬರುತ್ತದೆ. ಕಣ್ಣು ಮುಚ್ಚಿ ಪ್ಯಾನೆಲ್ ಮೇಲೆ ಕೈ ಆಡಿಸಿ ಎಲ್ಲಿ ಉಬ್ಬು, ಎಲ್ಲಿ ತಗ್ಗು ಎಂದು ಹೇಳುವ ಹುಡುಗರಿದ್ದಾರೆ.

ಸುತ್ತಿಗೆ ಸಿಗುವುದು ಅದಾದ ಮೇಲೆ. ತಗಡಿನ ಹಿಂದೆ ಡಾಲಿ ಎಂಬ ಉಕ್ಕಿನ ತುಂಡು ಹಿಡಿದು ನೇರ ಅದರ ಮೇಲೇ ಹೊಡೆದರೆ ತಗಡು ತೆಳುವಾಗಿ ಹಿಗ್ಗುತ್ತದೆ. ಡಾಲಿಯನ್ನು ತಗ್ಗಿನ ಕೆಳಗಿಟ್ಟು ಪಕ್ಕದ ಉಬ್ಬಿಗೆ ಹೊಡೆದರೆ ತಗ್ಗು ಮೇಲೇಳುತ್ತದೆ, ಹಿಗ್ಗುವುದಿಲ್ಲ. ಹಿಗ್ಗಿ ಪಟಪಟ ಎನ್ನುವ ತಗಡಿಗೆ ಗ್ಯಾಸಿನ ಉರಿಯಿಂದ ಒಂದು ಚುಕ್ಕೆಯಷ್ಟು ಜಾಗ ಕೆಂಪಗೆ ಕಾಯಿಸಿ ಒದ್ದೆ ಬಟ್ಟೆ ಒತ್ತಿದರೆ ಅದು ಮತ್ತೆ ಬಿಗಿಯುತ್ತದೆ. ಇದನ್ನು ನಮ್ಮ ಮಿಸ್ತ್ರಿಗಳು ಯಾವ ಪುಸ್ತಕವನ್ನೂ ತೆರೆಯದೆ ಪುಸ್ತಕದಲ್ಲಿರುವಂತೆಯೇ ಮಾಡುತ್ತಾರೆ.

ತಕರಾರು ಇರುವುದು ಇದೇ ಉರಿಯ ಮೇಲೆ. ಮಾರುತಿ 800ರ ತಗಡಿಗೆ ನಡೆದದ್ದು ಈಗಿನ ಗಾಡಿಗೆ ಎಲ್ಲ ಕಡೆ ನಡೆಯುವುದಿಲ್ಲ. ಮುಂದಿನ ಮತ್ತು ಹಿಂದಿನ ಬಾಗಿಲುಗಳ ನಡುವಿನ ಕಂಬ, ಬಾಗಿಲೊಳಗಿನ ಅಡ್ಡಪಟ್ಟಿ, ಕೆಳಗಿನ ಸಿಲ್ ಮುಂತಾದ ಕಡೆ ಈಗ ಹೆಚ್ಚು ಗಟ್ಟಿಯ ಉಕ್ಕು ಬಳಸುತ್ತಾರೆ. ಕಾಯಿಸಿ ಬಡಿದರೆ ಅದರ ಆಕಾರ ಮರಳುತ್ತದೆ, ಬಲ ಮರಳುವುದಿಲ್ಲ. ಅಂಥ ಭಾಗವನ್ನು ಬದಲಿಸಬೇಕೇ ಹೊರತು ನೆಟ್ಟಗೆ ಮಾಡಬಾರದು. 2023ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಗಾಡಿಗಳನ್ನು ಗುದ್ದಿಸಿ ನೋಡಿ ಸುರಕ್ಷತೆಯ ನಕ್ಷತ್ರ ಕೊಡುತ್ತದೆ. ಕಾಯಿಸಿ ನೆಟ್ಟಗೆ ಮಾಡಿದ ಕಂಬದ ಗಾಡಿಗೆ ಆ ನಕ್ಷತ್ರ ಎಷ್ಟು ಉಳಿಯಿತು ಎಂದು ಕೇಳುವವರಿಲ್ಲ. ಪ್ರೈಮರ್ ಬಿದ್ದ ಮೇಲೆ ಕಾಯಿಸಿದ ಕಂಬವೂ ಕಾಯಿಸದ ಕಂಬವೂ ಒಂದೇ ಥರ ಕಾಣುತ್ತವೆ, ಮಾಲಕನ ಸುತ್ತಿನಲ್ಲಿ ಎರಡೂ ಪಾಸು.

ಬಣ್ಣದಲ್ಲಿ ಮಾತ್ರ ಈ ಶಾಲೆಯ ನಿಜವಾದ ಹಿರಿಮೆ ಇದೆ. ಗಾಡಿಯ ಬಣ್ಣಕ್ಕೊಂದು ಕೋಡ್ ಇರುತ್ತದೆ: ಮಾರುತಿಯಲ್ಲಿ 26ಯು ಎಂದರೆ ಸುಪೀರಿಯರ್ ವೈಟ್, ಝಡ್2ಎಸ್ ಎಂದರೆ ಸಿಲ್ಕಿ ಸಿಲ್ವರ್. ಪೇಂಟ್ ಅಂಗಡಿಯ ಕಂಪ್ಯೂಟರ್‌ಗೆ ಕೋಡ್ ಕೊಟ್ಟರೆ ಎಷ್ಟು ಗ್ರಾಂ ಯಾವ ಬಣ್ಣ ಎಂದು ತೋರಿಸುತ್ತದೆ, ತಕ್ಕಡಿಯ ಮೇಲೆ ಹನಿಹನಿಯಾಗಿ ಸುರಿದು ಕೊಡುತ್ತಾರೆ. ಹೊಸಬರು ಇಷ್ಟಕ್ಕೇ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಆದರೆ ಕೋಡ್ ಹೇಳುವುದು ಗಾಡಿ ಕಾರ್ಖಾನೆಯಿಂದ ಹೊರಬಂದ ದಿನದ ಬಣ್ಣವನ್ನು. ಎಂಟು ಬೇಸಿಗೆ ರಾಣೇಬೆನ್ನೂರಿನ ಬಿಸಿಲಲ್ಲಿ ನಿಂತ ಬಣ್ಣ ಬೇರೆಯದೇ. ಅದಕ್ಕೇ ತಿಳಿದ ಮಿಸ್ತ್ರಿ ಕೋಡ್ ಜೊತೆಗೆ ಡೀಸೆಲ್ ಟ್ಯಾಂಕಿನ ಹೊರ ಮುಚ್ಚಳವನ್ನೂ ಬಿಚ್ಚಿ ಹುಡುಗನ ಕೈಯಲ್ಲಿ ಅಂಗಡಿಗೆ ಕಳಿಸುತ್ತಾನೆ. ಅದೂ ಅಷ್ಟೇ ಬಿಸಿಲು ಕಂಡ ತುಂಡು, ಪಕ್ಕದಲ್ಲಿಟ್ಟು ಹೋಲಿಸಬಹುದು.

ಸಿಲ್ವರ್ ಬಂದಾಗ ಗನ್ ಹಿಡಿಯುವ ಕೈಯೂ ಬಣ್ಣವನ್ನು ಬದಲಿಸುತ್ತದೆ. ಒಳಗಿನ ಅಲ್ಯೂಮಿನಿಯಂ ಚೂರುಗಳು ಒದ್ದೆ ಪದರದಲ್ಲಿ ಕೆಳಗೆ ಕೂತು ಬಣ್ಣ ಕಪ್ಪಾಗುತ್ತದೆ, ಒಣ ಪದರದಲ್ಲಿ ಮೇಲೆ ಉಳಿದು ಬೆಳ್ಳಗಾಗುತ್ತದೆ. ಡಬ್ಬಿ ಅದೇ, ಗನ್ ಎರಡು ಇಂಚು ಹತ್ತಿರ ಬಂದರೆ ಬಾಗಿಲು ಬೇರೆ, ಫೆಂಡರ್ ಬೇರೆ. ಸಂಜೆ ಟ್ಯೂಬ್‌ಲೈಟಿನ ಕೆಳಗೆ ಕೂಡಿಬಂದ ಬಣ್ಣ ಬೆಳಗ್ಗೆ ಕೈಕೊಡುವುದೂ ಉಂಟು. "ಏ ತಮ್ಮಾ, ಬಿಸಲಿಗೆ ತಂದು ನೋಡೋ, ಸೊಟ್ಟ ನಿಂತೂ ನೋಡು" ಎಂಬ ಮಿಸ್ತ್ರಿಯ ಬೈಗುಳದಲ್ಲಿ ಬಣ್ಣದ ಶಾಸ್ತ್ರದ ಒಂದು ಅಧ್ಯಾಯವೇ ಇದೆ. ಎದುರಿನಿಂದ ಸರಿಹೋದ ಸಿಲ್ವರ್ ಓರೆಯಿಂದ ಬೇರೆಯಾಗಿ ಕಾಣಬಹುದು ಎಂಬುದನ್ನು ಹುಡುಗ ಅಲ್ಲೇ ಕಲಿಯುತ್ತಾನೆ.

ಋತು ಕೂಡ ಪಾಠ ಮಾಡುತ್ತದೆ. ಬೂತ್ ಇಲ್ಲದ ಶೆಡ್ಡಿನಲ್ಲಿ ನೆಲಕ್ಕೆ ನೀರು ಹೊಡೆದು, ಗಾಳಿ ಏಳುವ ಮುಂಚೆ ಬೆಳಗ್ಗೆಯೇ ಬಣ್ಣ ಹೊಡೆಯಬೇಕು. ಏಪ್ರಿಲ್ ಬಿಸಿಲಿನಲ್ಲಿ ಥಿನ್ನರ್ ಬೇಗ ಹಾರಿ ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿ ಬೀಳುತ್ತದೆ, ಆಗ ನಿಧಾನ ಒಣಗುವ ಥಿನ್ನರ್ ಬೇಕು. ಆಷಾಢದ ಗಾಳಿಗೆ ಕೂತ ಧೂಳಿನ ಕಾಳುಗಳನ್ನು ಆಮೇಲೆ 2000ದ ಪೇಪರ್‌ನಿಂದ ಉಜ್ಜಿ ಪಾಲಿಶ್ ಮಾಡಬೇಕು.

ಬಣ್ಣದಲ್ಲೂ ಒಂದು ಕಡೆ ರೊಕ್ಕ ಕಲೆಯನ್ನು ತಡೆಯುತ್ತದೆ. ಸಿಲ್ವರ್ ಬಾಗಿಲಿಗೆ ಬಣ್ಣ ಹೊಡೆಯುವಾಗ ಪಕ್ಕದ ಫೆಂಡರಿನ ಮೇಲೂ ಬೇಸ್ ಕೋಟನ್ನು ಮಂಜಿನಂತೆ ಹಾರಿಸಿ ಕರಗಿಸಿ, ಎರಡಕ್ಕೂ ಪೂರ್ತಿ ಕ್ಲಿಯರ್ ಹೊಡೆಯುವುದು ಸರಿಯಾದ ವಿಧಾನ. ಆದರೆ ಮಾಲಕ ಒಂದು ಪ್ಯಾನೆಲ್ಲಿನ ರೊಕ್ಕವನ್ನಷ್ಟೇ ಕೊಡುತ್ತಾನೆ. ವಿಮೆಯಿದ್ದರೆ ಸಾಮಾನ್ಯವಾಗಿ ಸರ್ವೇಯರ್ ಒಪ್ಪುವುದೂ ಪೆಟ್ಟಾದ ಪ್ಯಾನೆಲ್ಲನ್ನೇ. ಸಾದಾ ಪಾಲಿಸಿಯಲ್ಲಿ ಬಣ್ಣದ ಸಾಮಗ್ರಿಗೆ ಶೇ 50 ಸವಕಳಿ ಬೇರೆ ಕಳೆಯುತ್ತಾರೆ. ಹೀಗಾಗಿ ವಿಧಾನ ಗೊತ್ತಿರುವ ಮಿಸ್ತ್ರಿಯೂ ಬಾಗಿಲ ಅಂಚಿಗೆ ಟೇಪ್ ಹಚ್ಚಿ ನಿಲ್ಲಿಸುತ್ತಾನೆ, ಹುಡುಗ ಅದನ್ನೇ ವಿಧಾನ ಎಂದು ಕಲಿಯುತ್ತಾನೆ.

ಇನ್ನು ಉಸಿರಿನ ಮಾತು. ಪಿಯು ಪೇಂಟಿನ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಇರುತ್ತದೆ. ಅದು ಕಾಯಂ ಅಸ್ತಮಾ ತರಬಲ್ಲದು, ಒಮ್ಮೆ ದೇಹ ಮುನಿಸಿಕೊಂಡರೆ ಆಮೇಲೆ ಚೂರು ಸೋಕಿದರೂ ಉಸಿರು ಕಟ್ಟುತ್ತದೆ. ಮುಖಕ್ಕೆ ಸುತ್ತಿದ ಕರ್ಚೀಫು ಅದನ್ನು ತಡೆಯುವುದಿಲ್ಲ. ಕಾಣದ್ದನ್ನು ಕಲಿಸದ ಶಾಲೆ ಇದನ್ನು ಕಲಿಸದಿರುವುದರಲ್ಲಿ ಆಶ್ಚರ್ಯವಿಲ್ಲ, ಆದರೆ ಕ್ಷಮಿಸಲಾಗದ್ದು ಇದೇ.

ಈಗ ಬಾಗಿಲಿಗೆ ಬರೋಣ. ಬಾಗಿಲು ಒಂದು ಪೆಟ್ಟಿಗೆ. ಹೊರತಗಡನ್ನು ಒಳಚೌಕಟ್ಟಿನ ಸುತ್ತ ಮಡಚಿ ಕೂಡಿಸಿರುತ್ತಾರೆ. ಗಾಜಿನ ಮೇಲೆ ಬಿದ್ದ ಮಳೆನೀರು ರಬ್ಬರಿನ ಸಂದಿಯಿಂದ ಒಳಗಿಳಿಯುವುದು ಸಹಜ, ಕೆಳಗಿನ ಅಂಚಿನ ಸಣ್ಣ ತೂತುಗಳಿಂದ ಹೊರಗೆ ಹೋಗಲೆಂದೇ ವ್ಯವಸ್ಥೆ ಇದೆ. ಆ ನೀರು ಗಾಡಿಯೊಳಗೆ ಬರದಂತೆ ಲೈನಿಂಗ್ ಹಿಂದೆ ಕರಿ ಅಂಟಿನಿಂದ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ನಮ್ಮಲ್ಲಿ ಮೊದಲು ಹರಿಯುವುದು ಆ ಹಾಳೆಯೇ, ಸುತ್ತಿಗೆ ಒಳಗೆ ಹೋಗಬೇಕಲ್ಲ. ಹರಿದದ್ದು ಮತ್ತೆ ಕೂರುವುದು ಅಪರೂಪ. ಕೆಳಗಿನ ತೂತುಗಳನ್ನು ಪುಟ್ಟಿ, ಸೀಲರ್, ಬಣ್ಣ ಸೇರಿ ಮುಚ್ಚುತ್ತವೆ. ಮಳೆಗಾಲ ಬಂದಾಗ ಬಾಗಿಲು ತೆಗೆದರೆ ಒಳಗೆ ನೀರು ಗುಳುಗುಳು ಎನ್ನುತ್ತದೆ, ಕಾಲ್ಚಾಪೆ ನೆನೆಯುತ್ತದೆ, ಪವರ್ ವಿಂಡೋ ಮೋಟಾರು ಕೆಡುತ್ತದೆ. ವರ್ಷ ಕಳೆದಂತೆ ಮಡಿಕೆಯ ಒಳಗಿನಿಂದ ತುಕ್ಕು ಹಿಡಿದು ಬಣ್ಣ ಗುಳ್ಳೆ ಏಳುತ್ತದೆ. ಮಾಲಕ ರಬ್ಬರನ್ನು ಬೈಯುತ್ತಾನೆ.

ಜೋತ ಬಾಗಿಲಿನದೂ ಇದೇ ಕತೆ. ಮೊದಲು ಕೀಲನ್ನು ಸರಿಮಾಡಿ, ಸುತ್ತಲ ಸಂದಿ ಒಂದೇ ಸಮ ಬಂದ ಮೇಲೆ ಕೊನೆಯಲ್ಲಿ ಲಾಕ್ ಕೂರುವ ಸ್ಟ್ರೈಕರ್ ಮುಟ್ಟಬೇಕು. ಹುಡುಗ ಮೊದಲು ಕಲಿಯುವುದು ಸ್ಟ್ರೈಕರ್ ಜರುಗಿಸುವುದನ್ನು, ಅದು ಎರಡು ನಿಮಿಷದ ಕೆಲಸ. ಬಾಗಿಲು ಟಪ್ಪೆಂದು ಮುಚ್ಚುತ್ತದೆ, ಮಾಲಕನಿಗೆ ಸಮಾಧಾನ. ಹೆದ್ದಾರಿಯಲ್ಲಿ ಮೇಲಿನ ಸಂದಿಯಿಂದ ಗಾಳಿ ಸೀಟಿ ಹೊಡೆದಾಗಲಷ್ಟೇ ಗೊತ್ತಾಗುವುದು.

ಸರ್ಕಾರದ ಶಾಲೆ ಇಲ್ಲವೇ? ಇದೆ. 1950ರಿಂದ ನಡೆದಿರುವ ಕುಶಲಕರ್ಮಿ ತರಬೇತಿ ಯೋಜನೆಯಲ್ಲಿ ಆಟೋ ಬಾಡಿ ರಿಪೇರಿಗೊಂದು, ಪೇಂಟಿಂಗಿಗೊಂದು ಒಂದೊಂದು ವರ್ಷದ ಐಟಿಐ ಟ್ರೇಡುಗಳಿವೆ. ನಮ್ಮ ಹುಡುಗರು ಎಲೆಕ್ಟ್ರಿಷಿಯನ್, ಫಿಟ್ಟರ್ ಕಡೆಗೇ ನುಗ್ಗುತ್ತಾರೆ. ನಾನು ಅವರನ್ನು ದೂರುವುದಿಲ್ಲ, ನಿಜವಾಗಿ ಗುದ್ದಿಕೊಂಡ ಗಾಡಿಗಳಿಲ್ಲದ ತರಗತಿ ಅಂಗೈಗೆ ಬುದ್ಧಿ ಕೊಡಲಾರದು. ಗ್ಯಾರೇಜಿನವರಿಗೆ ಕಲಿತದ್ದನ್ನೇ ಗುರುತಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯೂ ಬಂದಿದೆ, ಆದರೆ ಅದು ಗೊತ್ತಿರುವುದಕ್ಕಷ್ಟೇ ಮುದ್ರೆ ಒತ್ತುತ್ತದೆ. ವರ್ಲ್ಡ್‌ಸ್ಕಿಲ್ಸ್ ಸ್ಪರ್ಧೆಯಲ್ಲಿ ಬಾಡಿ ರಿಪೇರಿ, ಕಾರ್ ಪೇಂಟಿಂಗ್ ಎರಡೂ ಇವೆ. ಅಲ್ಲಿ ಅಂಕ ಕೊಡುವವರು ಚೌಕಟ್ಟನ್ನು ಮಿಲಿಮೀಟರಿನಲ್ಲಿ, ಬಣ್ಣದ ದಪ್ಪವನ್ನು ಮೈಕ್ರಾನಿನಲ್ಲಿ ಅಳೆಯುತ್ತಾರೆ. ನಮ್ಮ ಹುಡುಗರ ಕೈ ಆ ಮಟ್ಟಕ್ಕೆ ಕಡಿಮೆಯಿಲ್ಲ ಎಂದೇ ನನ್ನ ನಂಬಿಕೆ, ಆದರೆ ಅವರ ಕೆಲಸಕ್ಕೆ ಇಲ್ಲಿ ಯಾರೂ ಅಳತೆ ಹಿಡಿದಿಲ್ಲ.

ಅಳತೆ ಈಗ ಬೇರೆ ದಾರಿಯಿಂದ ಬರುತ್ತಿದೆ. ಹಳೇ ಕಾರು ಕೊಳ್ಳುವ ಕಂಪನಿಗಳ ಹುಡುಗರು ಅಂಗೈಯಗಲದ ಗೇಜ್ ಹಿಡಿದು ಪ್ಯಾನೆಲ್ಲಿಗೆ ಮುಟ್ಟಿಸುತ್ತಾರೆ. ಕಾರ್ಖಾನೆಯ ಬಣ್ಣವಾದರೆ ನೂರು ಮೈಕ್ರಾನಿನ ಆಜುಬಾಜು, ಕೆಳಗೆ ಪುಟ್ಟಿ ಇದ್ದರೆ ಸಾವಿರ ದಾಟಬಹುದು. ಬಿಸಿಲಲ್ಲಿ ಪಾಸಾದ ಬಾಗಿಲು ಅಲ್ಲಿ ಫೇಲಾಗುತ್ತದೆ, ಗಾಡಿಯ ಬೆಲೆ ಅಲ್ಲೇ ಇಳಿಯುತ್ತದೆ. ಪುಟ್ಟಿ ತೆಳುವಾಗಿರಲಿ, ತಗಡಿನಲ್ಲೇ ಹೆಚ್ಚು ಕೆಲಸ ತೆಗೆಯಲಿ ಎಂದು ಮಿಸ್ತ್ರಿಗಳು ಹುಡುಗರಿಗೆ ಒತ್ತಿ ಹೇಳುವ ಕಾಲ ಇದರಿಂದ ಬಂದರೆ ಒಳ್ಳೆಯದೇ. ಲೈನಿಂಗ್ ಹಿಂದಿನ ಹಾಳೆ, ಕೆಳಗಿನ ತೂತು ಆ ಗೇಜಿಗೂ ಕಾಣುವುದಿಲ್ಲ. ಅದಕ್ಕೆ ಬಾಗಿಲ ಲೈನಿಂಗ್ ಬಿಚ್ಚಿಯೇ ನೋಡಬೇಕು, ಬಿಚ್ಚಿ ಹಾಕುವ ಕೂಲಿಯನ್ನು ಮಾಲಕ ಕೊಡಬೇಕು.